ಅಡಿಬಣ್ಣದ ಮಾವನ ಹಸಿರು ಸಿಂಪಿ

ದಡದ ಮೇಲೆ ಅವರನ್ನು ಎಲ್ಲರೂ ಕರೆಯುವುದು ಅಡಿಬಣ್ಣದ ಮಾವ ಎಂದು. ದೋಣಿಯ ಮೇಲ್ಭಾಗದಲ್ಲಿ ಹೂವು, ನಕ್ಷತ್ರ, ಸಾಹುಕಾರನ ಹೆಂಡತಿಯ ಹೆಸರು ಬರೆಯುವ ಕಲಾವಿದರು ಬೇರೆ ಇದ್ದಾರೆ. ಮಾವನ ಪಾಲಿಗೆ ಬಂದದ್ದು ನೀರಿನಲ್ಲಿ ಮುಳುಗಿರುವ ಭಾಗ. ದೋಣಿಯನ್ನು ಇಳಿಜಾರಿನ ಮೇಲೆ ಎಳೆದು ಹಾಕಿದರೆ ಸಾಕು, ಅದರ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಹಳೆಯ ಬಣ್ಣವನ್ನು ತಗಡಿನಿಂದ ಕೆರೆದು, ಇಟ್ಟಿಗೆ ಕೆಂಪಿನ ಹೊಸ ಬಣ್ಣ ಬಳಿಯುತ್ತಾರೆ. "ನನ್ನ ಕೈಕೆಲಸ ನೋಡೋದು ಮೀನು ಮಾತ್ರ. ಇಷ್ಟು ವರ್ಷದಲ್ಲಿ ಒಂದು ಮೀನೂ ಬಂದು ತಪ್ಪು ತೋರಿಸಿಲ್ಲ" ಎನ್ನುವುದು ಅವರ ಹಳೆಯ ಜೋಕು. ಅದಕ್ಕೆ ನಗದವರಿಗೆ ಅದನ್ನು ಇನ್ನೊಮ್ಮೆ ಹೇಳುತ್ತಾರೆ, ಆದ್ದರಿಂದ ಎಲ್ಲರೂ ಮೊದಲ ಸಲವೇ ನಕ್ಕುಬಿಡುತ್ತಾರೆ.

ಆ ಬಣ್ಣವೂ ಅಂತಿಂಥದ್ದಲ್ಲ, ತಾಮ್ರದ ಪುಡಿ ಸೇರಿದ್ದು. ನೀರಿನಲ್ಲಿ ನಿಂತ ಯಾವ ಮರವನ್ನೂ ಬಿಡದೆ ಅಂಟಿಕೊಂಡು ಕಲ್ಲಾಗುವ ಚೂಪು ಚಿಪ್ಪಿನ ಹುಳುಗಳಿವೆಯಲ್ಲ, ಅವು ಈ ಬಣ್ಣದ ಹತ್ತಿರ ಸುಳಿಯುವುದಿಲ್ಲ. ಮಾವನಿಗೆ ಅದರ ಮೇಲೆ ಮಗನ ಮೇಲಿನದಕ್ಕಿಂತ ಒಂದು ಕೈ ಹೆಚ್ಚೇ ಪ್ರೀತಿ. ಮಗ ಬಸ್ಸು ಓಡಿಸುತ್ತಾನೆ, ಬಣ್ಣದ ವಾಸನೆಗೆ ಅವನಿಗೆ ತಲೆನೋವು. ಮಾವನ ಉಗುರು, ಕಿವಿಯ ಮಡಿಕೆ, ಚಪ್ಪಲಿ, ಕೊನೆಗೆ ಮನೆ ಬಾಗಿಲಿನ ಚಿಲಕ ಕೂಡ ಕೆಂಪು. "ನಿಮ್ಮನ್ನ ಹಾಗೇ ಸಮುದ್ರಕ್ಕೆ ಬಿಟ್ಟರೂ ಏನೂ ಅಂಟಲ್ಲ ಬಿಡಿ" ಎಂದು ಹೆಂಡತಿ ಗೊಣಗುತ್ತ ಚಿಲಕ ಒರೆಸುತ್ತಾರೆ.

ಸೊಸೆ ಸಿಂಪಿ ಸಾಕುತ್ತೇನೆಂದು ಹೊರಟಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದದ್ದು ಮಾವನೇ. ಅವಳು ಮರದ ಚೌಕಟ್ಟಿಗೆ ಬಲೆ ಬಿಗಿದು ಬುಟ್ಟಿ ಮಾಡಿದಳು, ಮರಿ ಸಿಂಪಿ ತಂದಳು, ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಕಟ್ಟುತ್ತೇನೆ, ಅಲ್ಲಿ ನೀರು ಚೆನ್ನಾಗಿ ಆಡುತ್ತದೆ ಎಂದಳು. ಮಾವ ಒಪ್ಪಲಿಲ್ಲ. "ಅಷ್ಟು ದೂರ ಯಾಕಮ್ಮಾ? ಯಾರಾದ್ರೂ ಎತ್ಕೊಂಡು ಹೋದ್ರೆ? ನನ್ನ ಇಳಿಜಾರಿನ ಪಕ್ಕದಲ್ಲೇ ಕಟ್ಟು. ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀನಿ." ಹಿರಿಯರ ಮಾತು ತೆಗೆದುಹಾಕಲಾರದೆ ಸೊಸೆ ಅಲ್ಲಿಯೇ ಕಟ್ಟಿದಳು.

ಕಟ್ಟಿದ್ದೇ ತಡ, ಚೂಪು ಹುಳುಗಳು ಬುಟ್ಟಿಗಳಿಗೆ ಮುತ್ತಿಕೊಂಡವು. ಬಲೆಯ ಕಣ್ಣು ಮುಚ್ಚಿಹೋಗಿ ಒಳಗೆ ನೀರೇ ಹರಿಯದು. ಸೊಸೆ ದಿನವೂ ಕೂತು ಕೆರೆದಳು. ಒಂದು ಸಂಜೆ ಅವಳು ಬಟ್ಟೆ ಹಿಂಡಲಾಗದೆ, ಕುಯ್ದುಹೋದ ಅಂಗೈಗಳನ್ನು ಮೇಲೆ ಮಾಡಿಕೊಂಡು ಬಕೆಟ್ಟಿನ ಮುಂದೆ ಸುಮ್ಮನೆ ಕೂತಿದ್ದನ್ನು ಮಾವ ನೋಡಿದರು. ಮರುದಿನವೇ ದೋಣಿಗಳಿಗೆ ಬಳಿದು ಉಳಿದ ಬಣ್ಣವನ್ನೆಲ್ಲ ಒಟ್ಟು ಮಾಡಿ, ಬುಟ್ಟಿಗಳ ಚೌಕಟ್ಟಿಗೆ ಎರಡೆರಡು ಸಲ ಬಳಿದರು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಡಬ್ಬ ಖಾಲಿಯಾಯಿತು. ಇರಲಿ, ಬಳಿದ ಬುಟ್ಟಿಗಳಿಗೆ ಹುಳುಗಳ ಕಾಟ ತಪ್ಪಿತು, ಸೊಸೆಯ ಕೈ ವಾಸಿಯಾಯಿತು. "ಮಾವ ಅಂದ್ರೆ ಇಂಥವರು ಸಿಗಬೇಕು" ಎಂದು ದಡವೆಲ್ಲ ಹೊಗಳಿತು. ಮಾವ ಹಿಗ್ಗಿ ಹೀರೇಕಾಯಿಯಾದರು. ಕೇಳದವರಿಗೂ ಕರೆದು ಕರೆದು ಹೇಳಿದರು.

ಸಿಂಪಿ ಕೈತುಂಬ ಬೆಳೆದವು. ಮೊದಲನೆಯದನ್ನು ಸೊಸೆ ಚಾಕುವಿನಿಂದ ಬಿಡಿಸಿದಾಗ ಒಳಗಿನ ಮಾಂಸ ಹಸಿರು! ಎರಡನೆಯದೂ ಹಸಿರು! ಅವಳು ಫೋಟೋ ತೆಗೆದು ದೊಡ್ಡ ಹೋಟೆಲಿಗೆ ಸರಕು ಕೊಳ್ಳುವವನಿಗೆ ಕಳಿಸಿದ್ದೇ ತಡ, ಅವನು ಫೋನಿನಲ್ಲಿ ಕೂಗಾಡಿಬಿಟ್ಟ. ಯಾವುದೋ ದೇಶದಲ್ಲಿ ಹಸಿರು ಸಿಂಪಿಗೆ ಚಿನ್ನದ ಬೆಲೆಯಂತೆ, ಬೇರೆ ಯಾರಿಗೂ ತೋರಿಸಬೇಡಿ, ನಾಳೆ ನಾನೇ ಗಾಡಿ ತರುತ್ತೇನೆ, ಬೇರೆಯವರು ಕೊಡುವುದರ ಮೂರರಷ್ಟು ಕೊಡುತ್ತೇನೆ ಅಂದ.

ಆಮೇಲೆ ಆ ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಅತ್ತೆ ಪಕ್ಕದ ಮನೆಯಿಂದ ಒಳ್ಳೆಯ ತಟ್ಟೆಗಳನ್ನು ಕೇಳಿ ತಂದರು. ಮಗ ರಜೆ ಹಾಕಿದ. ಇನ್ನೊಂದು ದೋಣಿ ಕೊಳ್ಳಬೇಕು, ಅದಕ್ಕೆ ಯಾವ ಹೆಸರಿಡಬೇಕು ಎಂದು ಮಗ ಸೊಸೆ ಜಗಳವನ್ನೂ ಆಡಿ ಮುಗಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೆಂದರೆ ಇದೇ. ಮಾವ ಮಾತ್ರ ಯಾರು ಏನೇ ಹೇಳಿದರೂ "ನನ್ನ ಇಳಿಜಾರಿನ ನೀರು ಅಂದ್ರೆ ಸುಮ್ನೇನಾ" ಎನ್ನುತ್ತ ಒಳಗೂ ಹೊರಗೂ ಓಡಾಡಿದರು.

ಬೆಳಿಗ್ಗೆ ಎಲ್ಲರೂ ಸೇರಿ ಬುಟ್ಟಿಗಳನ್ನು ಮೇಲೆ ಎಳೆದರು. ಮಾದರಿಗೆಂದು ಸೊಸೆ ಪ್ರತಿ ಸಾಲಿನಿಂದ ಒಂದೊಂದು ಬಿಡಿಸುತ್ತ ಬಂದಳು. ಹಸಿರು, ಹಸಿರು, ಹಸಿರು. ಕೊನೆಯ ಸಾಲಿಗೆ ಬಂದಾಗ ಅವಳ ಮುಖ ಇಳಿಯಿತು. ಎಲ್ಲ ಕಡೆ ಸಿಗುವ ಸಿಂಪಿಗಳಂತೆ ಅದೂ ಬೂದು ಬಿಳಿ.

"ಇವಕ್ಕೇನಾಯ್ತು?" ಎಂದಳು.

"ಇನ್ನೇನಾಗತ್ತೆ? ನಿನ್ನ ಮಾವನ ಬಣ್ಣ ಈ ಸಾಲಿಗೆ ಸಾಲಲಿಲ್ಲವಲ್ಲ, ಅದಕ್ಕೇ ಮುನಿಸ್ಕೊಂಡಿವೆ" ಎಂದು ಅತ್ತೆ ತಮಾಷೆ ಮಾಡಿದರು. ಎಲ್ಲರೂ ನಕ್ಕರು.

ಮಾವನೂ ನಗಲು ಬಾಯಿ ತೆರೆದರು. ನಗು ಬರಲಿಲ್ಲ. ಬಳಿದ ಸಾಲೆಲ್ಲ ಹಸಿರು, ಬಳಿಯದ ಸಾಲು ಬಿಳಿ. ಯಾರೂ ನೋಡದಂತೆ ಒಂದು ಹಸಿರು ಸಿಂಪಿಯನ್ನು ಎತ್ತಿಕೊಂಡು ದೋಣಿಯ ಮರೆಗೆ ಹೋಗಿ ನಾಲಿಗೆಯ ಮೇಲಿಟ್ಟರು. ಆ ರುಚಿ ಅವರಿಗೆ ಗೊತ್ತಿತ್ತು. ದೋಣಿಯ ಕೆಳಗೆ ಅಂಗಾತ ಮಲಗಿ ಹಳೆಯ ಬಣ್ಣ ಕೆರೆಯುವಾಗ ಪುಡಿ ಬಾಯಿಗೆ ಬೀಳುತ್ತದೆ. ನಾಣ್ಯ ಚೀಪಿದಂಥ ಆ ರುಚಿ ಊಟವಾದರೂ ಹೋಗುವುದಿಲ್ಲ. ಅದೇ ರುಚಿ! ಹಸಿರು ಅಂದರೆ ತಾಮ್ರದ ಚೆಂಬಿಗೆ ಹಿಡಿಯುವ ಕಿಲುಬು! ಹೆಚ್ಚುಕಡಿಮೆ ಇಡೀ ಬೆಳೆಯ ಹೊಟ್ಟೆಗೆ ಅವರೇ, ಕೈಯಾರೆ, ಎರಡೆರಡು ಸಲ ಬಳಿದು, ತಾಮ್ರ ಕುಡಿಸಿದ್ದರು. ಬಾಯಲ್ಲಿದ್ದದ್ದು ಬಿಸಿ ತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು.

ಉಗುಳಿದರು. ಅಷ್ಟರಲ್ಲಿ ಗಾಡಿ ಬಂದೇಬಿಟ್ಟಿತು.

ಹೋಟೆಲಿನವನು ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಜೇಬಿನಲ್ಲಿ ತನ್ನದೇ ನಿಂಬೆಹಣ್ಣು ಇಟ್ಟುಕೊಂಡು ಬಂದಿದ್ದ. ತಟ್ಟೆ ನೋಡಿ ಕಣ್ಣರಳಿಸಿದ. ಸೊಸೆ ಹೆಮ್ಮೆಯಿಂದ "ಎಲ್ಲಾ ನಮ್ಮ ಮಾವನ ಕೈಗುಣ ಸಾರ್" ಎಂದಳು. ಮಾವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೇಳಿದರೆ ಈ ಹುಡುಗಿ ಪಟ್ಟ ಕಷ್ಟವೆಲ್ಲ ನೀರುಪಾಲು. ಬಾಯಿಬಿಟ್ಟರೆ ಬಣ್ಣಗೇಡು, ದಡದಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ. ಸುಮ್ಮನಿದ್ದರೆ ಗಾಡಿ ತುಂಬಿ ಹೋಗುತ್ತದೆ, ಹಣ ಕೈಗೆ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹೋಟೆಲಿನಲ್ಲಿ ಯಾರೋ ತಿನ್ನುತ್ತಾರೆ. ಯಾರದೋ ಮಗಳು, ಯಾರದೋ ಸೊಸೆ, ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಾರೆ. ಹೋಟೆಲಿನವನು ನಿಂಬೆಹಣ್ಣು ಹಿಂಡಿ ಚಿಪ್ಪನ್ನು ತುಟಿಯವರೆಗೆ ಎತ್ತಿದ.

"ತಿನ್ನಬೇಡಿ!"

ಕೂಗಿದ್ದು ಸಾಲದೆ ಮಾವ ಅವನ ಕೈಗೆ ಹೊಡೆದೂ ಬಿಟ್ಟರು. ಚಿಪ್ಪು ಹಾರಿ ಇಸ್ತ್ರಿಯ ಅಂಗಿಯ ಮೇಲೆ ಬಿತ್ತು.

"ರೀ! ತಲೆ ಕೆಟ್ಟಿದೆಯಾ?" ಎಂದರು ಅತ್ತೆ.

ಹೋಟೆಲಿನವನು ಅಂಗಿ ಒರೆಸಿಕೊಳ್ಳುತ್ತ ನಕ್ಕ. "ಗೊತ್ತಾಯ್ತು ಯಜಮಾನ್ರೇ, ಬೆಲೆ ಏರಿಸೋಕೆ ಈ ನಾಟಕ. ಸರಿ, ನಾಲ್ಕರಷ್ಟು ಕೊಡ್ತೀನಿ."

"ಹತ್ತರಷ್ಟು ಕೊಟ್ಟರೂ ತಿನ್ನೋ ಹಾಗಿಲ್ಲ!" ಮಾವ ಓಡಿಹೋಗಿ ಖಾಲಿ ಬಣ್ಣದ ಡಬ್ಬ ತಂದು ಎಲ್ಲರ ಮುಂದೆ ಕುಕ್ಕಿದರು. ಅದರ ಮೇಲಿನ ತಲೆಬುರುಡೆಯ ಚಿತ್ರವನ್ನು ಅವರು ಇಷ್ಟು ವರ್ಷ ಕಂಪನಿಯ ಮುದ್ರೆ ಎಂಬಂತೆ ನೋಡಿದ್ದರು. "ಇದರ ಮೇಲೆ ಒಂದು ಜೀವವೂ ನಿಲ್ಲಬಾರದು ಅಂತಲೇ ಇದನ್ನ ಮಾಡೋದು. ನಾನು ತಗೊಂಡು ಹೋಗಿ ಜೀವ ಸಾಕೋ ಬುಟ್ಟಿಗೆ ಬಳಿದೆ. ಇದು ಹಸಿರಲ್ಲ, ಕಿಲುಬು. ನನ್ನದೇ ಕೆಲಸ. ತಪ್ಪಾಯ್ತಮ್ಮಾ." ಅಷ್ಟು ಹೇಳಿ ಮಗುವಿನ ಹಾಗೆ ಅತ್ತರು.

ಸೊಸೆ ತಟ್ಟೆಯಿಂದ ಒಂದನ್ನು ಎತ್ತಿ ನಾಲಿಗೆಗೆ ತಾಗಿಸಿದಳು, ಥೂ ಎಂದು ಉಗುಳಿದಳು. ಹೋಟೆಲಿನವನು ದನಿ ತಗ್ಗಿಸಿ ಅವಳಿಗೆ ಹೇಳಿದ: "ಸ್ವಲ್ಪ ಒಗರು ಇದ್ದರೆ ಇರಲಿ ಬಿಡಮ್ಮ. ನಿಂಬೆ ಹಿಂಡಿದರೆ ಯಾರಿಗೂ ಗೊತ್ತಾಗಲ್ಲ. ಗಾಡಿಗೆ ಹಾಕಿಸು."

ಎಲ್ಲರೂ ಅವಳ ಮುಖ ನೋಡಿದರು. ಬೆಳೆ ಅವಳದ್ದು.

"ಬೇಡ ಸಾರ್. ಇಲ್ಲಿವರೆಗೆ ನಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆಯಲ್ಲ" ಎಂದಳು. ಗಾಡಿ ಖಾಲಿಯಾಗಿಯೇ ಹೋಯಿತು, ಅದರ ಹಿಂದೆ ಇನ್ನೂ ಹುಟ್ಟದ ದೋಣಿಯ ಹೆಸರೂ ಹೋಯಿತು.

ಗಾಡಿ ತಿರುವು ದಾಟಿದ್ದೇ ಅವಳು ಮಾವನ ಕಡೆ ತಿರುಗಿದಳು. "ಕೂತ್ಕೊಂಡು ಅಳೋಕೆ ಈಗ ಪುರುಸೊತ್ತಿಲ್ಲ ಮಾವ. ಬೈಯೋದನ್ನ ಸಂಜೆಗೆ ಇಟ್ಕೊಂಡಿದೀನಿ. ನೀರು ಏರ್ತಾ ಇದೆ, ದೋಣಿ ತನ್ನಿ!"

ಆ ಮಧ್ಯಾಹ್ನದ ಗಲಾಟೆ ಏನೆಂದು ಹೇಳಲಿ! ಕೆಂಪು ಬುಟ್ಟಿಗಳನ್ನು ಕಡಿದು ಬಿಚ್ಚಿದರು. ಹಳೆಯ ಬಲೆಗಳನ್ನು ಕೇಳಿ ತಂದು ಚೀಲ ಮಾಡಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಸಿಂಪಿ ತುಂಬಿದರು, ಮಗ ಬಸ್ಸಿನ ಹಾರ್ನಿನಂಥ ದನಿಯಲ್ಲಿ ಎಲ್ಲರಿಗೂ ದಾರಿ ಬಿಡಿಸಿದ, ಮಾವ ಅಂಗೈ ಬೊಬ್ಬೆ ಬರುವಂತೆ ಹುಟ್ಟು ಹಾಕಿದರು. ಹೊತ್ತು ಮುಳುಗುವ ಮೊದಲು ಒಂದನ್ನೂ ಬಿಡದೆ ಅಳಿವೆಯ ಬಾಯಿಯ ಶುದ್ಧ ನೀರಿಗೆ ಸಾಗಿಸಿ ಕಟ್ಟಿಬಿಟ್ಟರು! ಸಂಜೆ ಸೊಸೆ ಮಾತು ತಪ್ಪಲಿಲ್ಲ, ಇಟ್ಟುಕೊಂಡದ್ದನ್ನೆಲ್ಲ ಬೈದಳು. ಮಾವ ಕೊನೆಯವರೆಗೂ ಕೂತು ಕೇಳಿಸಿಕೊಂಡರು.

ಮೀನುಗಾರಿಕೆ ಕಚೇರಿಯ ಪರೀಕ್ಷಾಲಯಕ್ಕೆ ಸಿಂಪಿ ಕೊಟ್ಟರು. ತಾಮ್ರ ಮಿತಿ ಮೀರಿದೆ ಎಂದು ಅಲ್ಲಿನ ಹೆಂಗಸು ಹೇಳಿದರು. ಶುದ್ಧ ನೀರಲ್ಲಿ ಕೆಲವು ತಿಂಗಳು ಬಿಟ್ಟರೆ ತಾವಾಗಿಯೇ ಕಕ್ಕಿಕೊಳ್ಳಬಹುದು, ಕಕ್ಕದೆಯೂ ಇರಬಹುದು, ಮತ್ತೆ ಪರೀಕ್ಷೆ ಮಾಡದೆ ಮುಟ್ಟಬೇಡಿ ಎಂದರು. ಬಹುದು, ಇರಬಹುದು! ಆ ಎರಡು ಮಾತಿನ ನಡುವೆ ಮಾವ ಮಳೆಗಾಲವಿಡೀ ಜೋತಾಡಿದರು. ದಿನವೂ ತಾವೇ ದೋಣಿ ತೆಗೆದುಕೊಂಡು ಹೋಗಿ ಚೀಲಗಳಿಗೆ ಅಂಟಿದ ಹುಳು ಕೆರೆದರು. ಈಗ ಕುಯ್ದುಹೋದದ್ದು ಅವರ ಅಂಗೈ. ಇಳಿಜಾರಿನ ಮೇಲೆ ದೋಣಿ ಕೆರೆಯುವಾಗ ಕೆಳಗೆ ಟಾರ್ಪಾಲು ಹಾಸಿ, ಬಿದ್ದ ಪುಡಿಯನ್ನೆಲ್ಲ ಗುಡಿಸಿ ಚೀಲಕ್ಕೆ ತುಂಬತೊಡಗಿದರು. "ಮಾವ ದೋಣಿಗೆ ಹಾಸಿಗೆ ಹಾಸ್ತಿದಾರೆ, ಜೋಗುಳಾನೂ ಹಾಡ್ತಾರೆ ನೋಡ್ರೋ" ಎಂದು ದಡದವರು ನಕ್ಕರು. "ನಗ್ರಪ್ಪಾ. ನಕ್ಕಾದ ಮೇಲೆ ನೀವೂ ಒಂದು ಟಾರ್ಪಾಲು ತನ್ನಿ. ಇಲ್ಲಿ ಬಿದ್ದದ್ದು ನಮ್ಮ ತಟ್ಟೆಗೇ ಬರೋದು" ಎಂದರು ಮಾವ.

ಮಳೆ ಹೋಗಿ ಬಿಸಿಲು ಬಂದಾಗ ಮತ್ತೆ ಪರೀಕ್ಷೆಗೆ ಕೊಟ್ಟರು. ಪರೀಕ್ಷಾಲಯದಿಂದ ಫೋನು ಬಂದಾಗ ಸೊಸೆ ದಡದಲ್ಲೇ ಇದ್ದಳು. "ಹೌದಾ? ಹೌದಾ?" ಎಂದು ಎರಡು ಸಲ ಕೇಳಿ, ಫೋನು ಅತ್ತೆಯ ಕೈಗೆ ತುರುಕಿ, ನೀರಿನಿಂದ ಆಗಷ್ಟೇ ತೆಗೆದ ಚೀಲದತ್ತ ಓಡಿದಳು. ಒಂದನ್ನು ಬಿಡಿಸಿದಳು. ಬೂದು ಬಿಳಿ! ಯಾವ ಹೋಟೆಲಿನವನೂ ಕಣ್ಣರಳಿಸದ, ಎಲ್ಲ ಕಡೆ ಸಿಗುವ, ಸಾಧಾರಣ ಬೂದು ಬಿಳಿ!

"ಮೊದಲು ನೀವೇ ತಿನ್ನಬೇಕು ಮಾವ" ಎಂದು ಚಿಪ್ಪನ್ನು ಅವರ ಕೈಗಿಟ್ಟಳು.

ಮಾವ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಆ ಹಾಳು ರುಚಿ ಎಲ್ಲಾದರೂ ಅಡಗಿದೆಯೇ ಎಂದು ನಾಲಿಗೆಯನ್ನು ಹಲ್ಲಿನ ಸಂದಿಗೆಲ್ಲ ಆಡಿಸಿದರು. ಎಲ್ಲರೂ ಅವರ ಗಂಟಲನ್ನೇ ನೋಡುತ್ತಿದ್ದರು.

"ಉಪ್ಪು!" ಮಾವ ಕೂಗಿದರು. "ಬರೀ ಉಪ್ಪು ಕಣಮ್ಮಾ! ಬೇರೇನೂ ಇಲ್ಲ, ಬರೀ ಉಪ್ಪು!"

"ಸಮುದ್ರದಲ್ಲಿ ಬೆಳೆದದ್ದು ಉಪ್ಪಲ್ಲದೆ ಸಕ್ಕರೆ ಇರತ್ತಾ?" ಎಂದ ಅತ್ತೆಯ ಕಣ್ಣಲ್ಲೂ ನೀರಿತ್ತು.

ಮಾವ ಇನ್ನೊಂದಕ್ಕೆ ಕೈ ಚಾಚಿದರು. ಸೊಸೆ ಚೀಲವನ್ನು ಎಳೆದುಕೊಂಡು ಅದರ ಬಾಯಿ ಬಿಗಿದಳು.

"ಸಾಕು ಮಾವ. ಇವೆಲ್ಲ ಮಾರೋಕಿದೆ."