ಏಣಿ, ಸೀಬೆಹಣ್ಣು, ಬಾಚಣಿಗೆ

ದೆವ್ವ ಕಂಡೆ ಎಂದು ಯಾರಾದರೂ ಹೇಳಿದರೆ, ರಾತ್ರಿ ಊಟಕ್ಕೆ ಏನು ತಿಂದಿದ್ದಿರಿ ಎಂದು ನಾನು ಮೊದಲು ಕೇಳುತ್ತಿದ್ದೆ. ಶ್ರೀನಿವಾಸಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಪಾಠ ಹೇಳಿದವಳು ನಾನು. ಮೈಮೇಲೆ ಬಂತು ಎಂದು ಕೂದಲು ಬಿಚ್ಚಿಕೊಂಡು ಕುಣಿದ ಒಂಬತ್ತನೇ ಕ್ಲಾಸಿನ ಹುಡುಗಿಗೆ ನಿಂಬೆ ಶರಬತ್ತು ಕುಡಿಸಿ ಪರೀಕ್ಷೆಗೆ ಕೂರಿಸಿದ್ದೇನೆ. ಆದ್ದರಿಂದ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಇಂಥ ಕಥೆಗಳಲ್ಲಿ ಇರಬೇಕಾದ ಅಮಾವಾಸ್ಯೆಯಾಗಲಿ, ಊಳಿಡುವ ನಾಯಿಯಾಗಲಿ ಇದರಲ್ಲಿ ಇಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ, ವರಾಂಡದ ತುಂಬ ಬಿಸಿಲಿದ್ದಾಗ ನಡೆದದ್ದು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ನನ್ನ ತಂಗಿಯ ಮೇಲೆ ಹೊಟ್ಟೆಕಿಚ್ಚು. ಅವಳು ಸತ್ತು ಹನ್ನೊಂದು ವರ್ಷವಾಗಿದ್ದರೂ ಇತ್ತು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲು ಆಗುವುದಿಲ್ಲ.

ತಂಗಿಯನ್ನು ಮನೆಯಲ್ಲಿ ಚಿನ್ನಿ ಎನ್ನುತ್ತಿದ್ದರು. ಮಾಲೂರಿಗೆ ಮದುವೆ ಮಾಡಿಕೊಟ್ಟಿದ್ದೆವು. ವರ್ಷಕ್ಕೆ ಮೂರು ಸಲ ಬರುತ್ತಿದ್ದಳು. ಬಂದವಳು ಅಮ್ಮನ ತಲೆಗೆ ಎಣ್ಣೆ ಹಚ್ಚಿ, ಬಾಚಿ, ಗಂಟು ಕಟ್ಟಿ, ಪಕ್ಕದಲ್ಲೇ ಮಲಗಿ, ಎರಡನೇ ದಿನ ಹೊರಟುಬಿಡುತ್ತಿದ್ದಳು. ಆ ಎರಡು ದಿನದ ಮಾತನ್ನು ಅಮ್ಮ ಮುಂದಿನ ನಾಲ್ಕು ತಿಂಗಳು ಆಡುತ್ತಿದ್ದಳು. ದಿನಾ ಬಿಸಿನೀರು ಕಾಯಿಸಿಕೊಟ್ಟವಳು ನಾನು, ಮಾತ್ರೆ ಕೊಟ್ಟವಳು ನಾನು, ಕಣ್ಣಿನ ಆಪರೇಷನ್ನಿಗೆ ಕೋಲಾರಕ್ಕೆ ಕರೆದುಕೊಂಡು ಹೋದವಳು ನಾನು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನನ್ನಂಥವರನ್ನು ನೋಡಿಯೇ ಹೇಳಿದ್ದಿರಬೇಕು. ಚಿನ್ನಿ ಕಾಮಾಲೆಯಾಗಿ ನಾಲ್ಕೇ ದಿನದಲ್ಲಿ ತೀರಿಕೊಂಡಳು. ನಾನೂ ಅತ್ತೆ, ಸುಳ್ಳು ಹೇಳುವುದಿಲ್ಲ. ಆದರೆ ಆಮೇಲೆ ಅವಳು ಅಮ್ಮನ ಬಾಯಲ್ಲಿ ಇನ್ನೂ ದೊಡ್ಡವಳಾದಳು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು.

ನಾನು ಮದುವೆಯಾಗಲಿಲ್ಲ. ರಿಟೈರ್ ಆಗುವ ಹೊತ್ತಿಗೆ ಶ್ರೀನಿವಾಸಪುರದಲ್ಲಿ ಚಿಕ್ಕದೊಂದು ಮನೆ ಕಟ್ಟಿಸಿ, ಅಲ್ಲಿಯವರೆಗೆ ನಾವಿಬ್ಬರೂ ಇದ್ದ ಗೌನಿಪಲ್ಲಿಯ ಮನೆಯಿಂದ ಅಮ್ಮನನ್ನು ಕರೆತಂದೆ. ಒಂದೆರಡು ವರ್ಷದಲ್ಲಿ ಅವಳಿಗೆ ಮರೆವು ಶುರುವಾಯಿತು. ಮೊದಲು ಒಲೆ ಮೇಲಿಟ್ಟ ಹಾಲು ಮರೆತಳು. ಆಮೇಲೆ ಬಚ್ಚಲು ಎಲ್ಲಿದೆ ಎಂಬುದನ್ನು ಮರೆತಳು. ಒಂದು ದಿನ ನಾನು ಕಾಫಿ ಕೊಟ್ಟಾಗ ಲೋಟ ಹಿಡಿದು, "ನೀವು ಯಾರ ಪೈಕಿಯಮ್ಮ?" ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಗೋಡೆಯ ಮೇಲೆ ಗಂಧದ ಹಾರ ಹಾಕಿದ್ದ ಚಿನ್ನಿಯ ಫೋಟೋವನ್ನು ಮಾತ್ರ ಒಂದು ದಿನವೂ ಮರೆಯಲಿಲ್ಲ. ಬೆಳಿಗ್ಗೆ ಎದ್ದವಳೇ ಅದನ್ನು ನೋಡಿ, "ತಿಂದ್ಯೇನೇ ಚಿನ್ನಿ?" ಎನ್ನುತ್ತಿದ್ದಳು.

ಆ ದಿನಗಳಲ್ಲೇ ಬೆಂಗಳೂರಿನ ಒಂದು ಆಸ್ಪತ್ರೆಯವರು ನಮ್ಮ ಕಡೆಯ ಊರುಗಳಲ್ಲಿ ವಯಸ್ಸಾದವರ ಮರೆವಿನ ಬಗ್ಗೆ ಅಧ್ಯಯನ ಮಾಡುತ್ತಿದ್ದರು. ಔಷಧಿ ಕೊಡುವುದಿಲ್ಲ, ಮರೆವು ಹೇಗೆ ಹೆಚ್ಚುತ್ತಾ ಹೋಗುತ್ತದೆ ಎಂದು ವರ್ಷಗಟ್ಟಲೆ ನೋಡುತ್ತೇವೆ ಅಷ್ಟೆ ಎಂದು ಹೇಳಿಯೇ ಸಹಿ ಹಾಕಿಸಿಕೊಂಡರು. ವಿಜ್ಞಾನದ ಕೆಲಸ ಎಂದು ನಾನು ಖುಷಿಯಿಂದಲೇ ಒಪ್ಪಿದೆ. ಆರು ತಿಂಗಳಿಗೊಮ್ಮೆ ರೇಷ್ಮಾ ಎಂಬ ಹುಡುಗಿ ಮುಳಬಾಗಿಲಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಕನ್ನಡ, ತೆಲುಗು, ಉರ್ದು ಮೂರನ್ನೂ ಸಲೀಸಾಗಿ ಮಾತಾಡುವ ಚುರುಕು ಹುಡುಗಿ. ಇವತ್ತು ಯಾವ ವಾರ, ಇದು ಯಾವ ಊರು ಎಂದು ಕೇಳುತ್ತಿದ್ದಳು. ಮೂರು ಪದ ಹೇಳಿ, ಐದು ನಿಮಿಷ ಬೇರೆ ಏನೋ ಮಾಡಿಸಿ, ಆ ಮೂರು ಪದ ಯಾವುವು ಎಂದು ಮತ್ತೆ ಕೇಳುತ್ತಿದ್ದಳು. ಕೊನೆಗೆ ನನ್ನನ್ನು ತೋರಿಸಿ, "ಇವರು ಯಾರಜ್ಜಿ? ಹೆಸರೇನು?" ಎನ್ನುತ್ತಿದ್ದಳು.

ಮೂರು ಸಲ ಬಂದಳು. ಒಮ್ಮೆ ಅಮ್ಮ ಸುಮ್ಮನೆ ನಕ್ಕಳು. ಇನ್ನೆರಡು ಸಲ "ಚಿನ್ನಿ" ಎಂದಳು. ಹಾಳೆಯ ಆ ಜಾಗದಲ್ಲಿ ಮೂರು ಸಲವೂ ಸೊನ್ನೆ ಬಿತ್ತು. ರೇಷ್ಮಾ ಅದನ್ನು ಬರೆಯುವಾಗ ನನ್ನ ಮುಖ ನೋಡುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ. ಅಮ್ಮ ಪೂರ್ತಿ ಹೋಗಿಬಿಡುವ ಮೊದಲು ಒಂದು ಸಲ, ಇನ್ನೊಬ್ಬರ ಎದುರಿಗೆ, ನನ್ನ ಹೆಸರು ಹೇಳಬೇಕು. ಅದು ಕಾಗದದ ಮೇಲೆ ದಾಖಲಾಗಬೇಕು.

ನಾನು ಟೀಚರ್ ಅಲ್ಲವೇ, ನಾಲ್ಕನೇ ಸಲಕ್ಕೆ ಅಮ್ಮನಿಗೆ ಕೋಚಿಂಗ್ ಶುರು ಮಾಡಿದೆ. ಹಿಂದಿನ ಮೂರೂ ಸಲ ಒಂದೇ ಪದಗಳನ್ನು ಕೇಳಿದ್ದರು. ಕುರ್ಚಿ, ಹಸು, ಬೆಲ್ಲ. ಒಂದು ತಿಂಗಳು ಬೆಳಿಗ್ಗೆ ಸಂಜೆ ಅವನ್ನು ಬಾಯಿಪಾಠ ಮಾಡಿಸಿದೆ. "ನಾನು ಯಾರು? ನಿನ್ನ ದೊಡ್ಡ ಮಗಳು. ಹೆಸರೇನು?" ಎಂದು ನೂರು ಸಲ ಕೇಳಿ ನೂರು ಸಲ ನಾನೇ ಉತ್ತರ ಹೇಳಿದೆ. ಅಧ್ಯಯನವನ್ನು ಹೀಗೆ ಕೆಡಿಸುವುದು ತಪ್ಪೆಂದು ನನಗೆ ಗೊತ್ತಿತ್ತು. ಕಾಪಿ ಹೊಡೆದ ಮಕ್ಕಳನ್ನು ಹೊರಗೆ ನಿಲ್ಲಿಸಿದ ಕೈ ಇದು.

ರೇಷ್ಮಾ ಬರುವ ಹಿಂದಿನ ಸಂಜೆ ಇನ್ನೂ ಒಂದು ಕೆಲಸ ಮಾಡಿದೆ. ಫೋಟೋ ಕಣ್ಣೆದುರಿಗಿದ್ದರೆ ಅಮ್ಮನ ಬಾಯಿಗೆ ಮತ್ತೆ ಚಿನ್ನಿಯ ಹೆಸರೇ ಬರುತ್ತದೆ ಎಂದು ಅದನ್ನು ಗೋಡೆಯಿಂದ ಇಳಿಸಿ, ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಅಮ್ಮ ಆಗ ಬಚ್ಚಲಲ್ಲಿದ್ದಳು. ಒಂದು ದಿನದ ಮಟ್ಟಿಗೆ ತಾನೇ, ನಾಳೆ ಮಧ್ಯಾಹ್ನ ಮತ್ತೆ ಹಾಕಿದರಾಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಬೀರುವಿನ ಬಾಗಿಲು ಮುಚ್ಚುವಾಗ ಒಂಥರಾ ಹಾಯೆನಿಸಿತು.

ಅವರೆಕಾಯಿ ಕಾಲ. ನೆನೆಸಿದ ಕಾಳನ್ನು ಹಿತುಕುತ್ತಾ ಅಡುಗೆಮನೆಯಲ್ಲಿ ಕೂತಿದ್ದೆ. ಆರೂವರೆ ಇರಬೇಕು. ರೂಮಿನಲ್ಲಿ ಅಮ್ಮ ತೆಲುಗಿನಲ್ಲಿ ಮಾತಾಡುತ್ತಿರುವುದು ಕೇಳಿಸಿತು. ಅವಳು ಒಬ್ಬಳೇ ಮಾತಾಡುವುದು ಹೊಸದೇನಲ್ಲ. ಆದರೆ ಅವತ್ತು ಮಾತಾಡಿ ನಿಲ್ಲಿಸುತ್ತಿದ್ದಳು, ಕೇಳಿಸಿಕೊಂಡವಳ ಹಾಗೆ ಹೂಂಗುಟ್ಟುತ್ತಿದ್ದಳು, ಮತ್ತೆ ಮಾತಾಡುತ್ತಿದ್ದಳು. ನಡುವೆ ನಕ್ಕಳು. ನನ್ನೊಡನೆ ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. "ಅವುನಾ ಚಿನ್ನಿ", ಹೌದಾ ಚಿನ್ನಿ, ಎಂದದ್ದು ಸ್ಪಷ್ಟವಾಗಿ ಕಿವಿಗೆ ಬಿತ್ತು. ಫೋಟೋ ತೆಗೆದರೂ ಇವಳ ಕಾಟ ತಪ್ಪಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು. ಎದ್ದು ಹೋಗಿ ಮಿಕ್ಸಿ ಹಾಕಿದೆ. ಮಸಾಲೆ ಆಗಲೇ ನುಣ್ಣಗಾಗಿತ್ತು. ಆದರೂ ಅವಳ ಮಾತು ಕೇಳಿಸಬಾರದೆಂದು ಮಿಕ್ಸಿಯನ್ನು ಹಾಗೇ ಓಡಲು ಬಿಟ್ಟೆ. ನಿಲ್ಲಿಸುವ ಹೊತ್ತಿಗೆ ರೂಮು ಸುಮ್ಮನಾಗಿತ್ತು.

ಮರುದಿನ ರೇಷ್ಮಾ ಹತ್ತೂಮುಕ್ಕಾಲಿಗೆ ಬಂದಳು. ವರಾಂಡದ ಬಿಸಿಲಲ್ಲಿ ಅಮ್ಮನನ್ನು ಕೂರಿಸಿದ್ದೆ. ಊರು, ವಾರ ಎಲ್ಲ ಆದವು. ಅಮ್ಮ ಒಂದಕ್ಕೂ ಸರಿಯಾಗಿ ಹೇಳಲಿಲ್ಲ. ಆಮೇಲೆ ರೇಷ್ಮಾ ಬ್ಯಾಗಿನಿಂದ ಅಂಟಿಸಿದ್ದ ಒಂದು ಲಕೋಟೆ ತೆಗೆದಳು.

"ಈ ಸಲ ಪದಗಳು ಬೇರೆ ಮೇಡಂ. ಆಫೀಸಲ್ಲೇ ಅಂಟಿಸಿ ಕಳಿಸ್ತಾರೆ. ಏನಿದೆ ಅಂತ ನಂಗೂ ಗೊತ್ತಿಲ್ಲ" ಎಂದಳು.

ನನ್ನ ಒಂದು ತಿಂಗಳ ಕೋಚಿಂಗ್ ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ ಎಂದು ನಾನು ನೋಡುತ್ತಿದ್ದಂತೆ, ಅಮ್ಮ ಬಿಸಿಲಿನ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಏಣಿ. ಸೀಬೆಹಣ್ಣು. ಬಾಚಣಿಗೆ."

ಕುರ್ಚಿ, ಹಸು, ಬೆಲ್ಲ ಬಿಟ್ಟು ಇದೇನು ಹೇಳುತ್ತಿದ್ದಾಳೆ ಎಂದು ನನಗೆ ಸಿಟ್ಟು ಬಂತು. ರೇಷ್ಮಾ "ಒಂದ್ನಿಮಿಷ ಅಜ್ಜಿ, ಇರಿ" ಎನ್ನುತ್ತಾ ಲಕೋಟೆಯ ಅಂಚು ಹರಿದಳು, ಒಳಗಿನ ಚೀಟಿ ಬಿಡಿಸಿದಳು. ಗಟ್ಟಿಯಾಗಿ ಓದದೆ ಚೀಟಿಯನ್ನು ನನ್ನ ಕಡೆ ತಿರುಗಿಸಿದಳು. ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಏಣಿ. ಸೀಬೆಹಣ್ಣು. ಬಾಚಣಿಗೆ. ಅದೇ ಕ್ರಮದಲ್ಲಿ.

"ಮೇಡಂ, ನಿಮಗೆ ಯಾರು ಹೇಳಿದ್ರು?" ಎಂದಳು. ದನಿ ಗಡುಸಾಗಿತ್ತು.

ನನಗೆ ಅವಮಾನವಾಯಿತು. ಹಳೆಯ ಪದಗಳನ್ನು ಬಾಯಿಪಾಠ ಮಾಡಿಸಿದ್ದೆ, ಇವು ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಅವಳು ತಲೆಯಾಡಿಸಿದಳು.

"ಅದು ಎಲ್ಲಾ ಮನೇಲೂ ಮಾಡ್ತಾರೆ ಬಿಡಿ. ವೇಮಗಲ್ಲಲ್ಲಿ ಒಬ್ರು ಸೊಸೆ ಅತ್ತೆ ಅಂಗೈ ಮೇಲೆ ಪೆನ್ನಲ್ಲಿ ಬರೆದು ಕೂರಿಸಿದ್ರು. ಆದ್ರೆ ಇದು ಹೆಂಗೆ?"

ಹೇಗೆ ಎಂದು ಇಬ್ಬರೂ ಕೂತು ನೋಡಿದೆವು. ಅಂಟು ಬಿಚ್ಚಿರಲಿಲ್ಲ, ಹರಿದದ್ದು ಅವಳೇ. ಬೆಳಕಿಗೆ ಹಿಡಿದರೂ ಒಳಗಿನದು ಕಾಣದ ದಪ್ಪ ಲಕೋಟೆ. ಬೆಳಿಗ್ಗೆಯಿಂದ ಬ್ಯಾಗು ಅವಳ ತೊಡೆಯ ಮೇಲೇ ಇತ್ತು. ಅವಳೇ ನೋಡಿರದ ಪದಗಳು. ಇನ್ನೂ ಒಂದು ವಿಷಯ ನನಗೆ ಮಾತ್ರ ಗೊತ್ತಿತ್ತು. ಗೌನಿಪಲ್ಲಿಯ ನಮ್ಮಮ್ಮ ಸೀಬೆಹಣ್ಣಿಗೆ ಜೀವಮಾನವಿಡೀ ತೆಲುಗಿನಲ್ಲಿ ಜಾಮಕಾಯಿ ಎಂದವಳು. ಸೀಬೆ ಎಂಬ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ರೇಷ್ಮಾ ಸುಧಾರಿಸಿಕೊಂಡು ನಿಯಮದಂತೆ ಪದಗಳನ್ನು ಓದಿ ಹೇಳಿದಳು. ಐದು ನಿಮಿಷದ ಮೇಲೆ ಕೇಳಿದಾಗ ಅಮ್ಮ, "ಏನು ಪದ?" ಎಂದಳು. ಸೊನ್ನೆ. ಕೇಳುವ ಮೊದಲೇ ಹೇಳಿದ್ದಕ್ಕೆ ಆ ಹಾಳೆಯಲ್ಲಿ ಕಾಲಂ ಇರಲಿಲ್ಲ. ಕೊನೆಗೆ ನನ್ನನ್ನು ತೋರಿಸಿ ಯಾರೆಂದು ಕೇಳಿದಳು. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಟೀಚರಮ್ಮ. ದಿನಾ ಪಾಠ ಹೇಳ್ಕೊಡ್ತಾರೆ, ಪಾಪ" ಎಂದಳು. ಮತ್ತೂ ಒಂದು ಸೊನ್ನೆ. ಆ ಸೊನ್ನೆಯನ್ನು ನಾನೇ ಒಂದು ತಿಂಗಳು ಕಷ್ಟಪಟ್ಟು ಸಂಪಾದಿಸಿದ್ದೆ.

"ಆ ಮೊದಲ್ನೇದನ್ನ ಬರೆದ್ರೆ ನನ್ನನ್ನೇ ಕೇಳ್ತಾರೆ ಮೇಡಂ" ಎಂದು ರೇಷ್ಮಾ ಹಾಳೆಗಳನ್ನು ಜೋಡಿಸಿಕೊಂಡಳು. ಕಾಫಿಯನ್ನೂ ಕುಡಿಯದೆ ಬಸ್ಸಿಗೆ ಹೋದಳು.

ಅವಳು ಗೇಟು ದಾಟಿದ ಮೇಲೆ ಅಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ಅಮ್ಮಾ, ಏಣಿ, ಸೀಬೆಹಣ್ಣು ಅಂದೆಯಲ್ಲ, ಯಾರು ಹೇಳಿಕೊಟ್ಟದ್ದು?"

"ಚಿನ್ನಿ" ಎಂದಳು, ಇದನ್ನೂ ಕೇಳಬೇಕೇ ಎನ್ನುವ ಹಾಗೆ. "ನಿನ್ನೆ ಗೋಡ ದಿಗಿ ವಚ್ಚಿಂದಿ. ಪಕ್ಕದಲ್ಲಿ ಕೂತ್ಕೊಂಡ್ಲು. ನಾಳೆ ಕೇಳ್ತಾರೆ, ಹೇಳಮ್ಮ ಅಂದ್ಲು."

ಗೋಡೆ ಇಳಿದು ಬಂದಳಂತೆ. ಇಳಿಸಿದವಳು ನಾನು. ಆದರೆ ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಏನು ಎಂದು ಹೇಳಿಬಿಡಬೇಕು. ನಾನು ಒಂದು ತಿಂಗಳು ಹೇಳಿಕೊಟ್ಟದ್ದು ಒಂದು ದಿನ ನಿಲ್ಲಲಿಲ್ಲ, ಅವಳು ಒಂದು ಸಂಜೆ ಹೇಳಿಕೊಟ್ಟದ್ದು ನಿಂತಿತು. ಸತ್ತ ಮೇಲೂ ಅವಳದೇ ಫಸ್ಟ್ ಕ್ಲಾಸು ಎಂಬ ಅದೇ ಹಳೆಯ ಹೊಟ್ಟೆಕಿಚ್ಚು.

"ಇನ್ನೇನು ಅಂದ್ಲು?" ಎಂದು ಕೇಳಿದೆ.

"ಅಕ್ಕನ ಹೆಸರೇನಮ್ಮ, ಹೇಳು ನೋಡೋಣ ಅಂದ್ಲು."

"ಹೇಳಿದೆಯಾ?"

"ಹೇಳ್ದೆ." ಅಮ್ಮ ಹೆಮ್ಮೆಯಿಂದ ನಕ್ಕಳು. "ತಡವರಿಸದೆ ಹೇಳ್ದೆ."

"ಏನಂತ ಹೇಳಿದೆ? ಅಮ್ಮಾ, ಏನಂತ? ನನಗೂ ಒಂದು ಸಲ ಹೇಳು."

ಅವಳ ಮುಖದ ನಗು ಹೋಯಿತು. ಪರರ ಮನೆಯ ವಿಷಯಕ್ಕೆ ಮೂಗು ತೂರಿಸುವವರನ್ನು ನೋಡುವಂತೆ ನನ್ನನ್ನು ನೋಡಿದಳು. "ದಾನಿಕಿ ಚೆಪ್ಪಿನಾನು ಗದಾ. ನೀಕೆಂದುಕು?" ಎಂದಳು. ಅವಳಿಗೆ ಹೇಳಿದೆನಲ್ಲ, ನಿನಗ್ಯಾಕೆ ಎಂದು.

ಅವತ್ತೇ ಮಧ್ಯಾಹ್ನ ಫೋಟೋ ತೆಗೆದು ಗೋಡೆಗೆ ಹಾಕಿದೆ. ಅಮ್ಮ ಆಮೇಲೆ ಒಂದೂವರೆ ವರ್ಷ ಇದ್ದಳು. ಇನ್ನೂ ಮೂರು ಸಲ ರೇಷ್ಮಾ ಬಂದಳು, ಮೂರು ಸಲವೂ ಬೇರೆ ಬೇರೆ ಲಕೋಟೆ, ಅಮ್ಮ ಒಂದು ಮಾತೂ ಆಡಲಿಲ್ಲ. ನನ್ನ ಹೆಸರನ್ನು ಹೇಳದೆಯೇ ಹೋದಳು.

ಮೂವತ್ತೊಂದು ವರ್ಷದ ವಿಜ್ಞಾನವನ್ನೆಲ್ಲ ಹಾಕಿ ನೋಡಿದ್ದೇನೆ. ಕಾಕತಾಳೀಯ ಎನ್ನೋಣವೆಂದರೆ ಮೂರು ಪದ, ಅದೂ ಅದೇ ಕ್ರಮ. ರೇಷ್ಮಾ ಬಾಯಿ ತಪ್ಪಿ ಅಂದಿದ್ದಳೆನ್ನೋಣವೆಂದರೆ ಅವಳಿಗೇ ಗೊತ್ತಿರಲಿಲ್ಲ. ಆ ಮೂರು ಪದಕ್ಕೂ ಚಿನ್ನಿಗೂ ಏನಾದರೂ ನಂಟಿದೆಯೇ ಎಂದು ಹುಡುಕಿದೆ. ಬಾಚಣಿಗೆ ಬಿಟ್ಟರೆ ಏನೂ ಸಿಗಲಿಲ್ಲ, ಬಾಚಣಿಗೆ ಯಾರ ಮನೆಯಲ್ಲಿಲ್ಲ ಹೇಳಿ. ಅಮ್ಮನದು ಬರೀ ಭ್ರಮೆ ಎಂದು ಒಪ್ಪಿಕೊಂಡರೆ ಪದಗಳು ಉಳಿದುಬಿಡುತ್ತವೆ. ಪದಗಳನ್ನು ಒಪ್ಪಿಕೊಂಡರೆ ಚಿನ್ನಿ ಬಂದದ್ದನ್ನೂ ಒಪ್ಪಬೇಕು. ಅವಳು ಬಂದದ್ದನ್ನು ಒಪ್ಪಿದರೆ, ಅಮ್ಮ ಅವತ್ತು ನನ್ನ ಹೆಸರು ಹೇಳಿದ್ದನ್ನೂ ಒಪ್ಪಬೇಕು.

ನಾನು ಒಪ್ಪಲು ಇಷ್ಟಪಡುವುದು ಅದೊಂದನ್ನೇ. ನನ್ನನ್ನು ತಡೆಯುವುದೂ ಅದೇ. ಯಾಕೆಂದರೆ ಹಾಗಿದ್ದರೆ ಆ ಸಂಜೆ ಅಮ್ಮ ನನ್ನ ಹೆಸರನ್ನು ಬಾಯಿ ತುಂಬ ಹೇಳಿದಾಗ ನಾನು ಹತ್ತು ಹೆಜ್ಜೆ ದೂರದಲ್ಲೇ ಇದ್ದೆ. ನುಣ್ಣಗಾದ ಮಸಾಲೆಯ ಮೇಲೆ ಮಿಕ್ಸಿ ಓಡಿಸುತ್ತಾ ನಿಂತಿದ್ದೆ.