ಟೊರೊಂಟೊ ದಾರಿಯಲ್ಲಿ ಒಂದು ಪೂಜೆ

೨೦೦೪ರಲ್ಲಿ ನಾನು ರಾಜಾಜಿನಗರದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟಿಂಗ್ ನೋಡಿಕೊಳ್ಳುತ್ತಿದ್ದೆ. ನಯವಾಗಿ ಮಾತಾಡುವುದು ನನ್ನ ಜಾಯಮಾನವಲ್ಲ. ಆದರೂ ಗಿರಾಕಿಗಳು ಬರುತ್ತಿದ್ದರು, ಅದು ಅವರ ದೊಡ್ಡತನ.

ಒಂದು ಬೆಳಿಗ್ಗೆ ಗೋವಿಂದರಾಜನಗರದ ಹಾರ್ಡ್‌ವೇರ್ ಅಂಗಡಿಯ ಮಹೇಶ್ ತಮ್ಮ ತಾಯಿ ಗೌರಮ್ಮನವರನ್ನು ಕರೆತಂದರು. ಗೌರಮ್ಮನವರ ತಂಗಿ ಟೊರೊಂಟೊದಲ್ಲಿ ಹೊಸ ಮನೆ ಕೊಂಡಿದ್ದರು. ಅಕ್ಕ ಬಾರದೆ ಗೃಹಪ್ರವೇಶ ಮಾಡುವುದಿಲ್ಲವೆಂದು ಹಟ ಹಿಡಿದಿದ್ದರು. ಅಮ್ಮನಿಗೆ ಮಂಡಿನೋವಿದೆ, ಶುಗರ್ ಇದೆ, ಎರಡು ಹೊತ್ತೂ ಮಾತ್ರೆ. ಅದಕ್ಕೇ ವೀಲ್‌ಚೇರ್ ಬೇಕೆಂದರು ಮಹೇಶ್.

ಟಿಕೆಟ್ ಕೈಗೆ ಬಂದದ್ದೇ ತಡ, ಮಹೇಶ್ ಮುಖ ಅರಳಿತು. "ಬೆಳಿಗ್ಗೆ ಏಳಕ್ಕೆ ಬಿಟ್ರೆ ಸಾಯಂಕಾಲ ಆರಕ್ಕೆ ಟೊರೊಂಟೊ. ಹನ್ನೊಂದೇ ಗಂಟೆ ಕಣಮ್ಮ!"

"ಸರಿಹೋಯ್ತು ಬಿಡು," ಎಂದರು ಗೌರಮ್ಮ. "ಇಲ್ಲಿ ಲಿಂಗಪೂಜೆ ಮುಗಿಸಿ, ಎರಡು ಚಪಾತಿ ತಿಂದು, ಮಾತ್ರೆ ನುಂಗಿ ಹೊರಡ್ತೀನಿ. ಸಾಯಂಕಾಲದ ಪೂಜೆ ತಂಗಿ ಮನೇಲಿ. ಅಲ್ಲೀವರೆಗೂ ತೊಟ್ಟು ನೀರೂ ಬೇಡ ನಂಗೆ."

ಟಿಕೆಟ್ಟಿನಲ್ಲಿ ಇರುವುದು ಆಯಾ ಊರಿನ ಗಡಿಯಾರದ ಸಮಯ. ಬೇಸಿಗೆಯಲ್ಲಿ ಟೊರೊಂಟೊ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಜರ್ಮನಿಯ ಮೂಲಕ ಹೋದರೆ ಹದಿಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಮಧ್ಯೆ ವಿಮಾನ ಬದಲಿಸಲು ಎರಡೂವರೆ ಗಂಟೆ ಕಾಯಬೇಕು. ಒಟ್ಟು ಇಪ್ಪತ್ತೂವರೆ ಗಂಟೆ. ಮೂರು ಗಂಟೆ ಮೊದಲೇ ಏರ್‌ಪೋರ್ಟ್‌ನಲ್ಲಿರಬೇಕು, ಅದನ್ನೂ ಸೇರಿಸಿದರೆ ಪೂರಾ ಒಂದು ದಿನ. ಶುಗರ್ ಇರುವ ಹಿರಿಯ ಜೀವ, ನೀರೂ ಇಲ್ಲದೆ!

"ರೀ ಮಹೇಶ್, ತಾಯೀನ ಗೃಹಪ್ರವೇಶಕ್ಕೆ ಕಳಿಸ್ತಿದ್ದೀರೋ ಆಸ್ಪತ್ರೆಗೋ?" ಎಂದೆ.

"ಟಿಕೆಟ್ಟಲ್ಲೇ ಇದೆಯಲ್ಲ ಸಾರ್!"

"ಈಗ ಹನ್ನೊಂದು ಗಂಟೆ. ನಿಮ್ಮ ಚಿಕ್ಕಮ್ಮಂಗೆ ಫೋನ್ ಮಾಡಿ ನೋಡೋಣ."

"ಅಯ್ಯೋ, ಈಗ ಅಲ್ಲಿ ನಡುರಾತ್ರಿ ಸಾರ್. ಮಲಗಿರ್ತಾರೆ," ಎಂದವರು ಅಲ್ಲೇ ತಡೆದು, ತಲೆಯ ಮೇಲೆ ಕೈ ಇಟ್ಟುಕೊಂಡರು. "ಥೂ, ನನ್ನ ಬುದ್ಧಿಗಿಷ್ಟು!"

ಗೌರಮ್ಮ ಮಾತ್ರ ಅಲ್ಲಾಡಲಿಲ್ಲ. ಪೂಜೆಯಿಲ್ಲದೆ ಪ್ರಸಾದವಿಲ್ಲ, ಸ್ನಾನವಿಲ್ಲದೆ ಪೂಜೆಯಿಲ್ಲ. "ಟಿಕೆಟ್ ವಾಪಸ್ ತಗೊಳ್ಳಿ," ಎಂದಾಗ ಅವರ ಕಣ್ಣು ತುಂಬಿತು.

"ಅಮ್ಮಾ, ಲಿಂಗ ನಿಮ್ಮ ಎದೆ ಮೇಲೇ ಇರುತ್ತಲ್ಲ," ಎಂದೆ. "ಜರ್ಮನೀಲಿ ಎರಡೂವರೆ ಗಂಟೆ ಬಿಡುವಿದೆ. ನೀರಿದೆ, ಪ್ರಾರ್ಥನೆಗೆ ಅಂತಲೇ ಒಂದು ಕೋಣೆ ಇದೆ. ವೀಲ್‌ಚೇರಿನವರಿಗೆ ಮೊದಲೇ ಹೇಳಿಸ್ತೀನಿ."

ಅವರು ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡರು. ಆಮೇಲೆ ತಾವೇ ಅಂದರು: "ಮಂಡಿ ಆಪರೇಷನ್ ಆದಾಗ ಒದ್ದೆ ಬಟ್ಟೇಲಿ ಮೈ ಒರೆಸ್ಕೊಂಡು ಪೂಜೆ ಮಾಡಿದ್ದೆ. ಶಿವ ಬೇಡ ಅಂದನಾ? ಮಹೇಶ, ಇನ್ನೆರಡು ಚಪಾತಿ ಜಾಸ್ತಿ ಕಟ್ಟಿಸು."

ಡಾಕ್ಟರನ್ನೂ ಕೇಳಿಕೊಂಡು ಗೌರಮ್ಮ ವಿಮಾನ ಹತ್ತಿದರು. ಅಂದು ಇಡೀ ದಿನ ನನಗೆ ಕೆಲಸದ ಮೇಲೆ ಗಮನವಿರಲಿಲ್ಲ. ಮರುದಿನ ಬಾಗಿಲು ತೆರೆಯುವ ಹೊತ್ತಿಗೆ ಮಹೇಶ್ ಮೆಟ್ಟಿಲ ಮೇಲಿದ್ದರು. "ತಲುಪಿದ್ರು ಸಾರ್! ಜರ್ಮನೀಲಿ ಪೂಜೆ ಆಯ್ತಂತೆ. ವೀಲ್‌ಚೇರ್ ಹುಡುಗಿಗೂ ಒಂದು ಚಪಾತಿ ಕೊಟ್ರಂತೆ!" ಅಬ್ಬಾ! ಇಬ್ಬರೂ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದೆವು.

ದೂರ ಎಷ್ಟೇ ಇರಲಿ, ಅದನ್ನು ಪ್ರಯಾಣಿಕರ ಅಳತೆಯಲ್ಲಿ ಹೇಳಬೇಕೆಂದು ಈ ಕೆಲಸ ನನಗೆ ಅಂದು ಕಲಿಸಿತು. ಎರಡು ತಿಂಗಳ ಮೇಲೆ ಟೊರೊಂಟೊದಿಂದ ಗೌರಮ್ಮನವರೇ ಫೋನ್ ಮಾಡಿದರು. ಎಷ್ಟು ಗಂಟೆ, ಎಷ್ಟು ದೂರ ಎಂದು ಅವರು ಕೇಳಲೇ ಇಲ್ಲ.

"ಬರೋವಾಗ ದಾರೀಲಿ ಎಷ್ಟು ಪೂಜೆ ಬೀಳುತ್ತೆ, ಸಾರ್?"