ವೈಂಡರ್ ಮಾಮನ ಮೂರು ಗಂಟೆ

ಅವರ ಎಡಗೈ ಕಿರುಬೆರಳಿನ ಉಗುರಿನ ತುದಿ ಸರಿಯಾಗಿ ನಾಲ್ಕೂವರೆ ಮಿಲಿಮೀಟರ್ ಅಗಲವಿತ್ತು. ಕಾಲೇಜಿನ ಲ್ಯಾಬಿನಿಂದ ವರ್ನಿಯರ್ ಕ್ಯಾಲಿಪರ್ ತಂದು ನಾನೇ ಒಮ್ಮೆ ಅಳೆದಿದ್ದೇನೆ. ಏರ್ ರೈಫಲ್ಲಿಗೆ ಹಾಕುವ ಸೀಸದ ಗುಂಡಿನ, ಅಂದರೆ ಪೆಲೆಟ್ಟಿನ, ಅಗಲವೂ ಅಷ್ಟೇ. ಉಗುರನ್ನು ಉದ್ದ ಬಿಟ್ಟು, ಎರಡೂ ಬದಿ ಅರದಲ್ಲಿ ಉಜ್ಜಿ ಆ ಅಳತೆಗೆ ತಂದುಕೊಂಡಿದ್ದರು. ಗುರಿಯ ಕಾರ್ಡಿನಲ್ಲಿ ತೂತು ಗೆರೆಗೆ ತಾಗಿದೆಯೋ ಇಲ್ಲವೋ ಎಂದು ಜಗಳ ಬಂದಾಗ ಆ ಉಗುರನ್ನು ತೂತಿನ ಮೇಲಿಟ್ಟು ನೋಡುತ್ತಿದ್ದರು. ತಾಗಿದ್ದರೆ ಹತ್ತು, ಇಲ್ಲವಾದರೆ ಒಂಬತ್ತು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ನಾನು ಅವರನ್ನು ವೈಂಡರ್ ಮಾಮ ಎನ್ನುತ್ತಿದ್ದೆ. ಚಿನ್ನದ ಗಣಿ ನಡೆಯುತ್ತಿದ್ದಾಗ ಅವರು ಊರಿಗಾಂನಲ್ಲಿ ವೈಂಡಿಂಗ್ ಎಂಜಿನ್ ನಡೆಸುತ್ತಿದ್ದರು. ಜನ ತುಂಬಿದ ಕೇಜನ್ನು ಶಾಫ್ಟಿನೊಳಗೆ ಇಳಿಸುವುದು, ಮತ್ತೆ ಮೇಲಕ್ಕೆ ತರುವುದು ಅವರ ಕೆಲಸ. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯ ಅಕ್ಕಿ ಗಿರಣಿಯೊಂದರಲ್ಲಿ ಕೆಲವು ವರ್ಷ ದುಡಿದರು. ಕೊನೆಗೆ ಊರಿಗಾಂನ ಸಣ್ಣ ರೈಫಲ್ ಕ್ಲಬ್ಬಿನಲ್ಲಿ ರೇಂಜ್, ಅಂದರೆ ಗುರಿ ಹೊಡೆಯುವ ಜಾಗ, ನೋಡಿಕೊಳ್ಳುವವರಾದರು. ಅವರು ತೀರಿಕೊಂಡು ಎಂಟು ತಿಂಗಳಾಯಿತು. ಅದಕ್ಕೂ ಹಿಂದಿನ ಒಂದೂವರೆ ವರ್ಷ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಅವರ ಬಗ್ಗೆ ಬರೆಯಲು ಕೂತು ಎಷ್ಟೋ ಸಲ ಎದ್ದುಹೋಗಿದ್ದೇನೆ.

ನಮ್ಮದು ಹಾವೇರಿ ಕಡೆಯ ಮನೆತನ. ಅಪ್ಪನಿಗೆ ಇಲ್ಲಿಯ ಕಾರ್ಖಾನೆಯಲ್ಲಿ ಕೆಲಸ. ಎಂ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದ ವರ್ಷ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಸಂಜೆ ಮನೆಯ ಮುಂದಿನ ರಸ್ತೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಅವರು ಒಂದು ದಿನ ಕಾಲೂರಿ ನಿಂತರು.

"ಏನ್ ಅಮ್ಮಣ್ಣಿ, ಒಂದ್ ವಾರದಿಂದ ನೋಡ್ತಾ ಇವ್ನಿ, ರೋಡ್ ಅಳೀತಾ ಇದೀಯ. ಟೆಂಡರ್ ಏನಾರ ಇಡ್ಕೊಂಡಿದೀಯಾ?"

ನಾನು ನಡೆಯುತ್ತಲೇ ಇದ್ದೆ.

"ಬಾನುವಾರ ಕ್ಲಬ್ ತಾವ ಬಾ. ನಿಂತ್ಕೊಳ್ಳೋದು ಏಳ್ಕೊಡ್ತೀನಿ."

ಅವರು ಅಂದದ್ದು ಅಕ್ಷರಶಃ ನಿಜವಾಗಿತ್ತು. ಮೊದಲ ಮೂರು ವಾರ ನನಗೆ ಒಂದು ಪೆಲೆಟ್ಟನ್ನೂ ಕೊಡಲಿಲ್ಲ. ರೈಫಲ್ ಎತ್ತು, ಭುಜಕ್ಕೆ ಒತ್ತು, ನೋಡು, ಇಳಿಸು. ಗುರಿ ಸಿಕ್ಕಿತೆನಿಸಿದ ಹೊತ್ತಿಗೇ ಬೆನ್ನ ಹಿಂದಿನಿಂದ "ಇಳ್ಸು" ಎಂಬ ಮಾತು ಬರುತ್ತಿತ್ತು. ಸಿಟ್ಟು ಬಂದು ಒಮ್ಮೆ ಯಾಕೆಂದು ಕೇಳಿದೆ.

"ಒಡೆಯೋದು ಯಾರ್ ಬೇಕಾದ್ರೂ ಒಡೀತಾರೆ. ಒಡೀಬೇಕು ಅಂತ ಆಸೆ ಬಂದಾಗ ಇಳ್ಸೋಕೆ ಬರ್ಬೇಕು. ಅದ್ ಬಂದ್ಮ್ಯಾಕೆ ಪೆಲೆಟ್ಟು."

ನಾಲ್ಕನೆಯ ವಾರ ಪೆಲೆಟ್ ಸಿಕ್ಕಿತು. ಅಷ್ಟರಲ್ಲಿ ನನ್ನ ಸಂಜೆಯ ನಡಿಗೆ ಅರ್ಧಕ್ಕಿಳಿದಿತ್ತು.

ಕ್ಲಬ್ಬೆಂದರೆ ದೊಡ್ಡದೇನಲ್ಲ. ಗಣಿ ಕಂಪನಿ ಕಾಲದ ಹಳೆಯ ಸ್ಟೋರ್ ಕಟ್ಟಡ, ಮೇಲೆ ತಗಡು, ಒಳಗೆ ಒಬ್ಬೊಬ್ಬರು ನಿಂತು ಹೊಡೆಯಲು ಪಕ್ಕಪಕ್ಕ ಆರು ಸಾಲು. ಹತ್ತು ಮೀಟರ್ ಆಚೆ ಹಲಗೆ, ಹಲಗೆಗೆ ಕ್ಲಿಪ್ಪು, ಕ್ಲಿಪ್ಪಿಗೆ ಕಾರ್ಡು. ಭಾನುವಾರ ಬೆಳಿಗ್ಗೆ ಮತ್ತು ಬುಧವಾರ ಸಂಜೆ ಹತ್ತು ಹನ್ನೆರಡು ಮಂದಿ ಸೇರುತ್ತಿದ್ದರು. ಬಂಗಾರಪೇಟೆಯಲ್ಲಿ ಒಡವೆ ಅಂಗಡಿ ಇಟ್ಟವರು ಅಧ್ಯಕ್ಷರು. ಅವರ ರೈಫಲ್ ಜರ್ಮನಿಯಿಂದ ಬಂದದ್ದು. ಅದರ ಪೆಟ್ಟಿಗೆಗೇ ಒಂದು ಕುರ್ಚಿ ಮೀಸಲು.

"ಪ್ರೆಸಿಡೆಂಟ್ರೆ, ಗನ್ನು ಜರ್ಮನಿದು ಸರಿ. ಕೈ ಇನ್ನೂ ಬಂಗಾರಪೇಟೇದೇ ಅಲ್ವಾ" ಎಂದು ವೈಂಡರ್ ಮಾಮ ಕೆಣಕುತ್ತಿದ್ದರು.

"ನಿನ್ ಬಾಯಿ ಯಾವ್ ಊರಿಂದು ಅಂತ ಏಳಪ್ಪ, ಅದ್ನೂ ತರಿಸ್ಕೊತೀನಿ" ಎಂದು ಅಧ್ಯಕ್ಷರು ತಿರುಗಿಸಿ ಹೇಳುತ್ತಿದ್ದರು.

ಬೇರೆ ಕಡೆ ರೇಂಜಿನಲ್ಲಿ ಬಾಯಿಮಾತಿನಲ್ಲಿ ಆಜ್ಞೆ ಕೊಡುತ್ತಾರೆ. ನಮ್ಮಲ್ಲಿ ಗಂಟೆ. ಒಂದು ತುಂಡು ರೈಲುಕಂಬಿಯನ್ನು ತೂಗುಹಾಕಿ, ಪಕ್ಕದಲ್ಲಿ ಸುತ್ತಿಗೆ ಇಟ್ಟುಕೊಂಡಿದ್ದರು. ಒಂದು ಬಾರಿಸಿದರೆ ನಿಲ್ಲಿಸಬೇಕು. ಎರಡು ಬಾರಿಸಿದರೆ ಹೊಡೆಯಬಹುದು. ಮೂರು ಬಾರಿಸಿದರೆ ಹಲಗೆಯ ಹತ್ತಿರ ಜನ ಇದ್ದಾರೆ, ರೈಫಲ್ ಮುಟ್ಟುವಂತಿಲ್ಲ. ಗಣಿಯಲ್ಲೂ ಮೂರು ಎಂದರೆ ಕೇಜಿನಲ್ಲಿ ಜನ ಇದ್ದಾರೆ ಎಂದೇ ಅರ್ಥವಂತೆ. ಬೈಯುವಾಗ ತೆಲುಗು, ಹೆಂಡತಿಯೊಡನೆ ತಮಿಳು, ನನ್ನೊಡನೆ ಕನ್ನಡ ಆಡುತ್ತಿದ್ದವರು ಅವರು. "ಮಾತು ಮೂರ್ ಬಾಷೇಲಿ ಮೂರ್ ತರ ಕೇಳ್ತದೆ. ಕಂಬಿ ಒಂದೇ ತರ" ಎನ್ನುತ್ತಿದ್ದರು.

ಅವರ ಮನೆಯಲ್ಲಿ ಲೈಸೆನ್ಸ್ ಇದ್ದ ಒಂಟಿನಳಿಗೆ ಕೋವಿಯೊಂದಿತ್ತು. ಅವರಪ್ಪ ಕಡಲೇಕಾಯಿ ಹೊಲಕ್ಕೆ ಬರುವ ಹಂದಿಗಳನ್ನು ಬೆದರಿಸಲು ಇಟ್ಟುಕೊಂಡದ್ದು. ಇವರು ಅದರಿಂದ ಒಂದು ಗುಂಡನ್ನೂ ಹಾರಿಸಿದವರಲ್ಲ. ಆಯುಧಪೂಜೆಯ ದಿನ ಎಣ್ಣೆ ಹಾಕಿ ಒರೆಸಿ ಕುಂಕುಮ ಇಡುತ್ತಿದ್ದರು. ಚುನಾವಣೆ ಬಂತೆಂದರೆ ಕೋವಿಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಇಟ್ಟುಬರಬೇಕು. ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಕೊಟ್ಟು ಬಂದು, "ತವರಿಗೆ ಕಳ್ಸ್ ಬಂದೆ. ಎಲೆಕ್ಷನ್ ಮುಗುದ್ ಮ್ಯಾಕೆ ಕರ್ಕೊಂಬತ್ತೀನಿ" ಎನ್ನುತ್ತಿದ್ದರು.

ಹೀಗೆ ನಾಲ್ಕು ವರ್ಷ ಹೋಯಿತು. ನನಗೆ ಬಂಗಾರಪೇಟೆಯ ಕಾಲೇಜೊಂದರಲ್ಲಿ ಪಾಠದ ಕೆಲಸ ಸಿಕ್ಕಿತು. ಬರೆಯುವ ಕೆಲಸಕ್ಕೆ ಯಾರೂ ಇಲ್ಲವೆಂದು ಕ್ಲಬ್ಬಿನ ಕಾರ್ಯದರ್ಶಿಯೂ ಆದೆ.

ಆಮೇಲಿನ ಮಾರ್ಚಿನ ಒಂದು ಭಾನುವಾರ. ವೈಂಡರ್ ಮಾಮ ಮೂರು ಗಂಟೆ ಬಾರಿಸಿದರು. ಕಾರ್ಡು ಬದಲಾಯಿಸಲು ಎಲ್ಲರೂ ಹಲಗೆಯ ಕಡೆ ಹೋದೆವು. ನಾನಿದ್ದ ಆರನೆಯ ಸಾಲಿನ ಮೇಲಿನ ಟ್ಯೂಬ್‌ಲೈಟ್ ಕೆಟ್ಟಿತ್ತು. ನನ್ನ ಕ್ಲಿಪ್ಪು ಸಡಿಲವಾಗಿ ಬಿದ್ದುಹೋಗಿತ್ತು. ಬಗ್ಗಿ ಅದನ್ನು ಹುಡುಕುತ್ತಿದ್ದೆ. ಉಳಿದವರು ವಾಪಸಾದರು. ಮಾಮ ಹಲಗೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ಎಂದಿನಂತೆ ನಿಧಾನವಾಗಿ ನೋಡಿ ಎರಡು ಗಂಟೆ ಬಾರಿಸಿದರು. ನಾನು ತಲೆಯೆತ್ತುವಷ್ಟರಲ್ಲಿ ಐದನೆಯ ಸಾಲಿನಲ್ಲಿದ್ದ ಅಧ್ಯಕ್ಷರ ಪೆಲೆಟ್ ನನ್ನ ಕಿವಿಯಿಂದ ಒಂದು ಗೇಣು ದೂರದಲ್ಲಿ ಹಲಗೆಗೆ ಬಡಿಯಿತು.

ಅಧ್ಯಕ್ಷರ ಮುಖ ಬಿಳುಚಿಕೊಂಡಿತು. "ಏನ್ ಮೇಡಂ, ಗಂಟೆ ಕೇಳ್ಲಿಲ್ವಾ? ಕಣ್ಣಿಗೆ ಬಿದ್ದಿದ್ರೆ ಏನ್ ಗತಿ?"

"ಎಂಎಸ್ಸಿ ಅಲ್ವಾ ಸಾರ್, ಎರಡು ಮೂರು ಎಲ್ಲಾ ಸಣ್ ಲೆಕ್ಕ ಅವರಿಗೆ" ಎಂದರು ಯಾರೋ. ಒಂದಿಬ್ಬರು ನಕ್ಕರು.

ಎಲ್ಲರೂ ವಾಪಸಾಗುವ ಮೊದಲು ಎರಡು ಬಾರಿಸಬಾರದು. ಆ ನಿಯಮ ಮಾಡಿದವರು ವೈಂಡರ್ ಮಾಮನೇ. ನಾನು ಅವರತ್ತ ನೋಡಿದೆ. ಸುತ್ತಿಗೆ ಹಿಡಿದ ಕೈ ಹಾಗೇ ಇತ್ತು. ಬಾಯಿ ಸ್ವಲ್ಪ ತೆರೆದಿತ್ತು.

"ತಪ್ಪು ನಂದೇ. ತಡ ಮಾಡಿದೆ" ಎಂದೆ.

ಮಾಮ ಸುತ್ತಿಗೆಯನ್ನು ಕೆಳಗಿಟ್ಟರು. ನನ್ನ ಮಾತನ್ನು ಹಾಗೇ ಇರಲು ಬಿಟ್ಟರು. ಅವತ್ತಿನಿಂದ ನನ್ನ ನಡಿಗೆ ಮತ್ತೆ ಶುರುವಾಯಿತು. ಪಾಠ ಮಾಡುತ್ತ ಮಾಡುತ್ತ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಿದ್ದೆ. ಗುರುವಾರ ವಿದ್ಯಾರ್ಥಿನಿಯೊಬ್ಬಳು, "ಮ್ಯಾಮ್, ಕೂತ್ಕೊಳ್ಳಿ, ನಮಗೇ ತಲೆ ಸುತ್ತುತ್ತೆ" ಎಂದಳು.

ಮುಂದಿನ ಬುಧವಾರ ನನ್ನ ಕಾರ್ಡನ್ನು ಮಾಮನ ಕೈಗೆ ಕೊಡುವ ಮೊದಲು ಕಪ್ಪು ವೃತ್ತದ ಮೇಲೆ ಚಾಕ್‌ಪೀಸಿನಿಂದ ದೊಡ್ಡದೊಂದು ಸೊನ್ನೆ ಬರೆದೆ. ಕಾರ್ಡಿನ ಮೇಲೆ ಬೆರಳಚ್ಚು ಬಿದ್ದರೂ ಬೈಯುವವರು ಅವರು. ಕಾರ್ಡನ್ನು ತಿರುಗಿಸಿ, ಹಿಂಬದಿಯಲ್ಲಿ ಅಂಚಿನಿಂದ ಬೆರಳಳತೆ ಇಡುತ್ತ, ಉಗುರಿನಿಂದ ಒಂದೊಂದೇ ತೂತು ತಡವಿ, ಕಿಟಕಿಯ ಕಡೆ ಮುಖ ಮಾಡಿಕೊಂಡು "ತೊಂಬತ್ಮೂರು" ಎಂದರು. ಸೊನ್ನೆಯ ಸುದ್ದಿ ಎತ್ತಲಿಲ್ಲ. ಮನೆಗೆ ಬಂದು ಎಣಿಸಿದೆ. ತೊಂಬತ್ತೊಂದಿತ್ತು. ಅಂಕ ಹೆಚ್ಚಾಗಿ ಬಂದರೆ ಯಾರೂ ದೂರು ಹೇಳುವುದಿಲ್ಲ. ಆ ವರ್ಷ ಅಧ್ಯಕ್ಷರ ಗುರಿ ಬಹಳ ಸುಧಾರಿಸಿದೆ ಎಂದು ನಾವೆಲ್ಲ ನಂಬಿದ್ದೆವು. ಮಾಮನನ್ನು ಹಾಗೆ ಪರೀಕ್ಷಿಸಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಏಪ್ರಿಲ್ಲಿನಲ್ಲಿ ಶಾಲಾ ಮಕ್ಕಳಿಗೆ ಬೇಸಿಗೆ ಶಿಬಿರವಿತ್ತು. ರೇಂಜ್ ನೋಡಿಕೊಳ್ಳುವವರು ಯಾರು ಎಂದು ಹೆಸರು ಬರೆದು ಕೊಡುವಂತೆ ಶಾಲೆಯವರು ಕೇಳಿದ್ದರು. ಪತ್ರ ಸಿದ್ಧಮಾಡಿ, ಆ ಒಂದು ಸಾಲನ್ನು ಖಾಲಿ ಬಿಟ್ಟು, ಶನಿವಾರ ಸಂಜೆ ಮಾಮನ ಮನೆಗೆ ಹೋದೆ. ಗಣಿ ಕಾರ್ಮಿಕರ ಲೈನಿನಲ್ಲಿ ಅವರದು ಕೊನೆಯ ಮನೆ. ಹೊರಗೆ ಸ್ಟೂಲಿನ ಮೇಲೆ ಕೂತಿದ್ದರು.

"ಮಾಮ, ಅವತ್ತು ನಾನು ಆರನೇ ಸಾಲಲ್ಲಿ ಇದ್ದಿದ್ದು ನಿಮಗೆ ಕಾಣಿಸ್ಲಿಲ್ಲ, ಅಲ್ವಾ?"

"ಗೊತ್ತಾಯ್ತಾ" ಎಂದರು.

"ಯಾವಾಗಿಂದ?"

"ದೀಪಾವಳಿ ಇಂದ. ಸುತ್ತ ಎಲ್ಲಾ ಕಾಣ್ತದೆ ಅಮ್ಮಣ್ಣಿ. ನೋಡಿದ್ ಜಾಗ ಮಾತ್ರ ಇಲ್ಲ. ನಿನ್ ಮಕ ನೋಡುದ್ರೆ ಮಕ ಇಲ್ಲ. ಆ ಗೋಡೆ ನೋಡುದ್ರೆ ನೀನ್ ಇದೀಯ."

"ಡಾಕ್ಟರ್ ಹತ್ರ ಹೋಗಿದ್ರಾ?"

"ಕಣ್ಣಿಗೆ ಸೂಜಿ ಆಕ್ತಾರಂತೆ, ಬೆಂಗ್ಳೂರಾಗೆ. ಈ ಮಕ್ಕಳ್ದು ಒಂದ್ ಮುಗೀಲಿ, ಓಗ್ತೀನಿ. ನನ್ ಎಸ್ರು ಬರ್ಕೋ."

"ಇಪ್ಪತ್ತು ಮಕ್ಕಳು ಮಾಮ. ಹೇಳಿದ ಕಡೆ ನಿಲ್ಲಲ್ಲ ಅವು."

"ದಿನಾ ನೂರಾರ್ ಜನಾನ ಇಳ್ಸಿ ಅತ್ಸಿದೋನು ನಾನು. ಒಬ್ಬಂದೂ ಕೂದ್ಲು ಕೊಂಕಿಲ್ಲ."

"ಅಲ್ಲಿ ಡ್ರೈವರಿಗೆ ಕಣ್ಣು ಹೋದ್ರೆ ಏನ್ ಮಾಡ್ತಿದ್ರು?"

"ಅವತ್ತೇ ಎಂಜಿನ್ ಬಿಡ್ಸೋರು."

"ಯಾರು ಹೇಳ್ತಿದ್ರು?"

"ಪಕ್ಕದಾಗ್ ನಿಂತಿರೋನು. ಜನ ಇಳಿಯೋವಾಗ ಡ್ರೈವರ್ ಪಕ್ಕ ಒಬ್ಬ ಇರ್ಲೇಬೇಕು. ಅವನ್ ಏಳ್ಬೇಕು. ಗೊತ್ತಿದ್ದೂ ಏಳ್ದೆ ಇದ್ರೆ ಅವನ್ ಕೆಲ್ಸಾನೂ ಓಯ್ತು."

ಪಾಠ ಒಪ್ಪಿಸುವವರ ಹಾಗೆ ಬೇಗಬೇಗ ಹೇಳಿ ಮುಗಿಸಿದ ಮೇಲೆ ತಾವು ಅಂದದ್ದು ಅವರ ಕಿವಿಗೇ ಬಿದ್ದಿತೆಂದು ಕಾಣುತ್ತದೆ. ತೊಡೆಯ ಮೇಲಿದ್ದ ಕೈಯನ್ನು ಮುಷ್ಟಿ ಮಾಡಿಕೊಂಡರು.

"ಇದು ಗಣಿ ಅಲ್ಲ. ಆಟ" ಎಂದರು.

ನಾನು ನಿಂತೇ ಇದ್ದೆ. ನಿಲ್ಲಲು ಕಲಿಸಿದವರೂ ಅವರೇ.

"ಆ ಕ್ಲಬ್ಬು ಇಲ್ದೆ ಇದ್ರೆ ನಾನ್ ಬೆಳಗ್ಗೆ ಎದ್ದು ಎಲ್ಲಿಗ್ ಓಗ್ಲಿ?" ಎಂದು ಕೇಳಿದರು. ಕೊನೆಗೆ, "ಓಗು. ಏನ್ ಬರೀಬೇಕೋ ಬರ್ಕೋ" ಎಂದರು. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಅವರ ಹೆಂಡತಿ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದರು.

ಆಮೇಲೆ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ, ಅದು ಸುಲಭ. ಅವರು ಕ್ಲಬ್ಬಿಗೆ ಮತ್ತೆ ಬರಲಿಲ್ಲ. ಬೀಗದಕೈಯನ್ನು ಬೇರೆಯವರ ಕೈಯಲ್ಲಿ ಕಳಿಸಿದರು. ಅದೇ ತಿಂಗಳು, ಯಾವ ಚುನಾವಣೆಯೂ ಇಲ್ಲದಿದ್ದಾಗ, ಕೋವಿಯನ್ನು ಠಾಣೆಗೆ ಒಪ್ಪಿಸಿ, ಇನ್ನು ಲೈಸೆನ್ಸ್ ಬೇಡವೆಂದು ಬರೆದುಕೊಟ್ಟು ಬಂದರಂತೆ. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ, ಅವರು ತೀರಿಕೊಂಡ ಹನ್ನೊಂದನೆಯ ದಿನ. ನಡುವೆ ಒಂದೇ ಸಲ ಅವರನ್ನು ಹತ್ತಿರದಿಂದ ಕಂಡೆ, ಬಂಗಾರಪೇಟೆ ಸ್ಟೇಷನ್ನಿನಲ್ಲಿ. ಗಂಡ ಹೆಂಡತಿ ಇಬ್ಬರೂ ಕಣ್ಣಿನ ಆಸ್ಪತ್ರೆಗೆಂದು ಬೆಂಗಳೂರಿನ ರೈಲಿಗೆ ಕಾಯುತ್ತಿದ್ದರು. ಹೋಗಿ ಅವರ ಮುಂದೆ ನಿಂತೆ. "ಯಾರ್ ಬಂದವ್ರೆ ನೋಡಿ" ಎಂದರು ಅವರ ಹೆಂಡತಿ. ಅವರು ಮುಖವನ್ನು ಟೀ ಅಂಗಡಿಯ ಕಡೆ ತಿರುಗಿಸಿದರು. ರೈಲು ಬರುವವರೆಗೂ ಹಾಗೇ ಇದ್ದರು. ನನ್ನನ್ನು ನೋಡಬಾರದೆಂದು ತಿರುಗಿದರೋ, ನೋಡಬೇಕೆಂದು ತಿರುಗಿದರೋ ನನಗೆ ತಿಳಿಯಲಿಲ್ಲ. ಅವರ ಕಣ್ಣಿಗೆ ಎರಡಕ್ಕೂ ದಾರಿ ಒಂದೇ ಇತ್ತು.

ಇನ್ನು ಉಳಿದದ್ದು ಆ ಶನಿವಾರದ ಮರುದಿನ. ಬೆಳಿಗ್ಗೆ ಏಳರ ಬಸ್ಸು ಹಿಡಿದು ಬಂಗಾರಪೇಟೆಗೆ ಹೋದೆ. ಒಡವೆ ಅಂಗಡಿಯ ಮೇಲೇ ಅಧ್ಯಕ್ಷರ ಮನೆ. ಅವರು ಬನಿಯನ್ ಹಾಕಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದರು.

"ಏನ್ ಮೇಡಂ, ಇಷ್ಟೊತ್ಗೇ? ಚಿನ್ನದ್ ರೇಟ್ ಕೇಳೋಕಾ?"

"ಅವತ್ತು ತಡ ಮಾಡಿದ್ದು ನಾನಲ್ಲ ಸಾರ್" ಎಂದೆ. ಉಳಿದದ್ದನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿದೆ.

ಅವರು ಪೇಪರನ್ನು ಮಡಿಸಿ, ಮತ್ತೆ ಮಡಿಸಿ, ತೊಡೆಯ ಕೆಳಗೆ ಇಟ್ಟುಕೊಂಡರು. "ಅಂಗಾದ್ರೆ ನನ್ ತೊಂಬತ್ತಾರು?" ಎಂದರು.

"ತೊಂಬತ್ತೆರಡು ಇರಬಹುದು."

ನಗಲು ನೋಡಿದರು, ಆಗಲಿಲ್ಲ. ಎದುರಿನ ಹೂವಿನ ಗಾಡಿಯವಳು ನೀರು ಚಿಮುಕಿಸುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, "ಮಕ್ಕಳು ಬಂದಾಗ ಅಲ್ಲಿ ಯಾರ್ ನಿಂತ್ಕೊತಾರೆ?" ಎಂದು ಕೇಳಿದರು.

ಚೀಲದಿಂದ ಪತ್ರ ತೆಗೆದೆ. ಅಂಗಡಿಯ ಷಟರಿಗೆ ಒತ್ತಿ ಹಿಡಿದು, ಖಾಲಿ ಬಿಟ್ಟಿದ್ದ ಸಾಲಿನಲ್ಲಿ ನನ್ನ ಹೆಸರು ಬರೆದೆ. ಸಹಿ ಹಾಕಲು ಪೆನ್ನನ್ನು ಅವರ ಕೈಗೆ ಕೊಟ್ಟೆ.